ಮರ್ಚೆಂಟ್ ನೇವಿ ಕಾಲೇಜು ಆರಿಸುವ ಮುಂಚೆ: ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ರಿಸಲ್ಟ್ ಬಂದ ವಾರ ಅಥಣಿ, ಜಮಖಂಡಿ, ಇಂಡಿ, ಗೋಕಾಕ ಕಡೆಯಿಂದ ಫೋನ್ ಬರಲು ಶುರುವಾಗುತ್ತವೆ. ಹುಡುಗರು ಕೇಳುತ್ತಾರೆ, ಅವರ ಅಪ್ಪ ಕೇಳುತ್ತಾರೆ, ಒಮ್ಮೊಮ್ಮೆ ಸೋದರಮಾವನೂ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಲೇಜು ಕೊಡುವುದು ಡಿಗ್ರಿ ಮಾತ್ರ. ಆಫೀಸರ್ ಆಗಬೇಕಾದರೆ ಡಿಗ್ರಿ ಆದ ಮೇಲೆ ಹಡಗಿನಲ್ಲಿ ಟ್ರೇನಿಂಗ್ ಮಾಡಬೇಕು, ಆಮೇಲೆ ಸರ್ಕಾರದ ಪರೀಕ್ಷೆ ಪಾಸಾಗಬೇಕು. ಆ ಟ್ರೇನಿಂಗಿಗೆ ಹಡಗು ಯಾರು ಕೊಡಿಸುತ್ತಾರೆ ಅನ್ನುವುದು ಗೊತ್ತಾಗುವವರೆಗೆ ಯಾವ ಕಾಲೇಜಿಗೂ ಫೀಸ್ ಕಟ್ಟಬೇಡಿ.

ಮರ್ಚೆಂಟ್ ನೇವಿ ಅಂದರೆ ಮಿಲಿಟರಿ ಕೆಲಸವಾ?

ಅಲ್ಲ. ನಮ್ಮ ಕಡೆ ಈ ಗೊಂದಲ ಸಹಜ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇದೆ, ಸಾಂಬ್ರಾದಲ್ಲಿ ಏರ್‌ಫೋರ್ಸಿನ ಟ್ರೇನಿಂಗ್ ಸ್ಕೂಲ್ ಇದೆ, ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ನೇವಿ ಅಂದ ಕೂಡಲೇ ಯೂನಿಫಾರ್ಮು, ಪೆನ್ಷನ್, ಕ್ಯಾಂಟೀನ್ ಕಾರ್ಡು ಕಣ್ಣಮುಂದೆ ಬರುತ್ತವೆ. ಇಲ್ಲಿ ಅದ್ಯಾವುದೂ ಇಲ್ಲ. ಇದು ಸರಕು ಸಾಗಿಸುವ ಹಡಗಿನ ಕೆಲಸ: ಕಚ್ಚಾ ಎಣ್ಣೆ, ಕಲ್ಲಿದ್ದಲು, ಗೋಧಿ, ಕಾರು, ಕಂಟೇನರ್. ಕಂಪನಿಯ ಜೊತೆ ಕಾಂಟ್ರ್ಯಾಕ್ಟ್ ಇರುತ್ತದೆ. ಹಡಗಿನಲ್ಲಿ ಇರುವಷ್ಟು ದಿನ ಸಂಬಳ, ಮನೆಗೆ ಬಂದ ಮೇಲೆ ಬಹಳಷ್ಟು ಕಂಪನಿಗಳಲ್ಲಿ ಅದು ನಿಲ್ಲುತ್ತದೆ. ನೌಕಾಪಡೆಗೇ ಸೇರಬೇಕು ಅನ್ನುವವರಿಗೆ ಎನ್‌ಡಿಎ ಇದೆ, ಕೇರಳದ ಎಳಿಮಲದಲ್ಲಿ ನೇವಲ್ ಅಕಾಡೆಮಿ ಇದೆ. ಆ ದಾರಿಯೇ ಬೇರೆ.

ಯಾವ ಕೋರ್ಸ್ ತಗೊಳ್ಳಬೇಕು? ಹೆಸರುಗಳೇ ತಲೆ ತಿನ್ನುತ್ತವೆ.

ಮೊದಲು ಡೆಕ್ ಬೇಕಾ, ಎಂಜಿನ್ ಬೇಕಾ ಅಂತ ತೀರ್ಮಾನ ಮಾಡಿ. ಡೆಕ್‌ನವರು ಹಡಗು ನಡೆಸುತ್ತಾರೆ, ಸರಕು ನೋಡಿಕೊಳ್ಳುತ್ತಾರೆ, ಕೊನೆಗೆ ಕ್ಯಾಪ್ಟನ್ ಆಗುತ್ತಾರೆ. ಎಂಜಿನ್‌ನವರು ಕೆಳಗೆ ಯಂತ್ರಗಳ ಜೊತೆ ಇರುತ್ತಾರೆ, ಕೊನೆಗೆ ಚೀಫ್ ಎಂಜಿನಿಯರ್ ಆಗುತ್ತಾರೆ. ಸೆಕೆಯಲ್ಲಿ, ಸದ್ದಿನಲ್ಲಿ, ಎಣ್ಣೆಗೈಯಲ್ಲಿ ಕೆಲಸ ಮಾಡಲು ಬೇಜಾರಿಲ್ಲದವರಿಗೆ, ಮನೆಯಲ್ಲಿ ಪಂಪ್‌ಸೆಟ್ ಬಿಚ್ಚಿ ಜೋಡಿಸುವ ಹುಚ್ಚು ಇರುವವರಿಗೆ ಎಂಜಿನ್ ಒಗ್ಗುತ್ತದೆ.

ಡೆಕ್‌ಗೆ ಪಿಯುಸಿ ಆದ ಮೇಲೆ ಎರಡು ದಾರಿ. ಒಂದು, ಮೂರು ವರ್ಷದ ಬಿ.ಎಸ್ಸಿ. ನಾಟಿಕಲ್ ಸೈನ್ಸ್, ಅದಾದ ಮೇಲೆ 12 ತಿಂಗಳು ಹಡಗಿನಲ್ಲಿ ಕೆಡೆಟ್ ಆಗಿ ಟ್ರೇನಿಂಗ್. ಇನ್ನೊಂದು, ಡಿಎನ್‌ಎಸ್ ಅಂತ ಕರೆಯುವ ಒಂದು ವರ್ಷದ ಡಿಪ್ಲೊಮಾ, ಅದಾದ ಮೇಲೆ 18 ತಿಂಗಳು ಹಡಗಿನಲ್ಲಿ. ಡಿಎನ್‌ಎಸ್ ಬೇಗ ಮುಗಿಯುತ್ತದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಮೊದಲೇ ಒಂದು ಕಂಪನಿಯ ಸ್ಪಾನ್ಸರ್‌ಶಿಪ್ ಬೇಕು. ಎರಡರಲ್ಲೂ ಮುಂದೆ ಸೆಕೆಂಡ್ ಮೇಟ್ ಪರೀಕ್ಷೆ ಬರೆದು ಪಾಸಾದರೆ ಥರ್ಡ್ ಆಫೀಸರ್ ಆಗಿ ಹಡಗು ಹತ್ತಬಹುದು. ಸರ್ಟಿಫಿಕೇಟ್ ಸೆಕೆಂಡ್ ಮೇಟ್, ಕೆಲಸ ಥರ್ಡ್ ಆಫೀಸರ್. ಇದನ್ನು ಕೇಳಿ ಗಾಬರಿಯಾಗಬೇಡಿ, ಎಲ್ಲರಿಗೂ ಹಾಗೇ.

ಎಂಜಿನ್‌ಗೆ ನಾಲ್ಕು ವರ್ಷದ ಬಿ.ಟೆಕ್. ಮರೈನ್ ಎಂಜಿನಿಯರಿಂಗ್, ಆಮೇಲೆ 6 ತಿಂಗಳು ಹಡಗಿನಲ್ಲಿ, ಆಮೇಲೆ ಎಂಜಿನಿಯರ್ ಆಫೀಸರ್ ಆಗಲು ಎಂಇಒ ಕ್ಲಾಸ್ 4 ಅನ್ನುವ ಪರೀಕ್ಷೆ.

ನನ್ನ ಅಭಿಪ್ರಾಯ ಕೇಳಿದರೆ, ಒಳ್ಳೆ ಕಂಪನಿಯ ಸ್ಪಾನ್ಸರ್‌ಶಿಪ್ ಸಿಕ್ಕರೆ ಡಿಎನ್‌ಎಸ್ ತಗೊಳ್ಳಿ. ಸಿಗದಿದ್ದರೆ ಸರ್ಕಾರಿ ಕ್ಯಾಂಪಸ್ಸಿನ ಬಿ.ಎಸ್ಸಿ. ನೋಡಿ. ಸ್ಪಾನ್ಸರ್‌ಶಿಪ್ ಇಲ್ಲದೆ ಡಿಎನ್‌ಎಸ್ ಮಾಡಿಸುತ್ತೇವೆ, ಆಮೇಲೆ ನೋಡೋಣ ಅನ್ನುವವರ ಹತ್ತಿರ ಹೋಗಬೇಡಿ.

ಎಷ್ಟು ಮಾರ್ಕ್ಸ್ ಬೇಕು?

ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಸೇರಿ ಸರಾಸರಿ 60 ಪರ್ಸೆಂಟ್. ಇಂಗ್ಲಿಷಿನಲ್ಲಿ ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿಯಲ್ಲಿ 50 ಪರ್ಸೆಂಟ್. ಮ್ಯಾಥ್ಸ್ ಬಿಟ್ಟು ಬಯಾಲಜಿ ತಗೊಂಡವರಿಗೆ ಈ ಕೋರ್ಸುಗಳು ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಪಿಸಿಎಂ ಮಾರ್ಕ್ಸಿನಲ್ಲಿ 5 ಪರ್ಸೆಂಟ್ ರಿಯಾಯಿತಿ ಇದೆ, ಇಂಗ್ಲಿಷಿನಲ್ಲಿ ಇಲ್ಲ. ವಯಸ್ಸಿಗೂ ಮಿತಿ ಇದೆ, ಆ ವರ್ಷದ ಬ್ರೋಷರ್‌ನಲ್ಲೇ ನೋಡಿಕೊಳ್ಳಿ.

ಕನ್ನಡಕ ಇದ್ದರೆ ನಡೆಯುತ್ತಾ?

ಇದನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ, ಕೇಳಬೇಕಾದದ್ದು ಎಲ್ಲಕ್ಕಿಂತ ಮೊದಲು. ಡೆಕ್‌ಗೆ ಕನ್ನಡಕ ಇಲ್ಲದೆ ದೃಷ್ಟಿ ಚೆನ್ನಾಗಿರಬೇಕು. ಎಂಜಿನ್‌ಗೆ ಕನ್ನಡಕ ನಡೆಯುತ್ತದೆ, ಆದರೆ ಅದರ ನಂಬರಿಗೆ ಒಂದು ಮಿತಿ ಇದೆ. ಬಣ್ಣಗುರುಡು ಇದ್ದರೆ ಡೆಕ್ ಅಂತೂ ಸಾಧ್ಯವೇ ಇಲ್ಲ.

ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ರಾತ್ರಿ ಸಮುದ್ರದಲ್ಲಿ ಎದುರಿನ ಹಡಗು ಕಾಣುವುದಿಲ್ಲ, ಅದರ ದೀಪಗಳು ಮಾತ್ರ ಕಾಣುತ್ತವೆ. ಪ್ರತಿ ಹಡಗಿಗೂ ಎಡಗಡೆ ಕೆಂಪು ದೀಪ, ಬಲಗಡೆ ಹಸಿರು ದೀಪ. ಬರೀ ಕೆಂಪು ಕಂಡರೆ ಅದರ ಎಡಮಗ್ಗುಲು ನಿಮ್ಮ ಕಡೆಗಿದೆ ಅಂತ. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಿಮ್ಮತ್ತಲೇ ಬರುತ್ತಿದೆ. ಕೆಂಪು ಯಾವುದು ಹಸಿರು ಯಾವುದು ಅಂತ ತಿಳಿಯದವನ ಕೈಗೆ ಆ ಹೊತ್ತಿನಲ್ಲಿ ಹಡಗು ಕೊಡಲು ಆಗುತ್ತಾ?

ಆದ್ದರಿಂದ ಅರ್ಜಿ ಹಾಕುವ ಮುಂಚೆಯೇ ಊರಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಇಶಿಹಾರಾ ಟೆಸ್ಟ್ ಮಾಡಿಸಿ. ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದಿಸುತ್ತಾರೆ, ಐದು ನಿಮಿಷದ ಕೆಲಸ. ತುಂಬಾ ಹುಡುಗರಿಗೆ ತಮಗೆ ಬಣ್ಣದ ತೊಂದರೆ ಇದೆ ಅಂತ ಅಲ್ಲಿಯವರೆಗೆ ಗೊತ್ತೇ ಇರುವುದಿಲ್ಲ. ಆಮೇಲೆ ಡಿಜಿ ಶಿಪ್ಪಿಂಗ್, ಅಂದರೆ ಹಡಗಿನ ಕೆಲಸ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ, ಒಪ್ಪಿದ ಡಾಕ್ಟರ ಹತ್ತಿರ ಪೂರ್ತಿ ಮೆಡಿಕಲ್ ಮಾಡಿಸಿ. ಲಕ್ಷಗಟ್ಟಲೆ ಕಟ್ಟಿದ ಮೇಲೆ ಮೆಡಿಕಲ್‌ನಲ್ಲಿ ಹೊರಗೆ ಬಿದ್ದ ಮನೆಗಳ ಸಂಕಟ ನೋಡಿದ್ದೇನೆ, ದಯವಿಟ್ಟು ಈ ಒಂದನ್ನು ಮುಂದೂಡಬೇಡಿ.

ಕೆ-ಸಿಇಟಿ ರ‍್ಯಾಂಕ್ ಮೇಲೆ ಸೀಟು ಸಿಗುತ್ತಾ?

ಇಲ್ಲ. ಇದಕ್ಕೆ ಬೇರೆ ಪರೀಕ್ಷೆ ಇದೆ, ಐಎಂಯು-ಸಿಇಟಿ. ಐಎಂಯು ಅಂದರೆ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿ, 2008ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ, ಮುಖ್ಯ ಕಚೇರಿ ಚೆನ್ನೈನಲ್ಲಿ. ಅದರ ಸ್ವಂತ ಕ್ಯಾಂಪಸ್ಸುಗಳಿಗೂ, ಅದರ ಕೆಳಗಿರುವ ಖಾಸಗಿ ಕಾಲೇಜುಗಳಿಗೂ ಈ ಪರೀಕ್ಷೆ ಬರೆಯಲೇಬೇಕು. 200 ಪ್ರಶ್ನೆ, ಮೂರು ಗಂಟೆ, ಕಂಪ್ಯೂಟರ್ ಮುಂದೆ. ಇಂಗ್ಲಿಷ್, ಆಪ್ಟಿಟ್ಯೂಡ್, ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯುತ್ತಾರಾ ಅಂತ ಆ ವರ್ಷದ ಬ್ರೋಷರ್‌ನಲ್ಲೇ ನೋಡಿಕೊಳ್ಳಿ. ನೀಟ್, ಜೆಇಇ ಅಂತ ಧಾರವಾಡದಲ್ಲೋ ವಿಜಯಪುರದಲ್ಲೋ ಕೋಚಿಂಗ್ ಹೋಗುತ್ತಿರುವವರಿಗೆ ಸೈನ್ಸ್ ಭಾಗ ಕಷ್ಟ ಆಗುವುದಿಲ್ಲ, ಇಂಗ್ಲಿಷ್ ಮತ್ತು ಆಪ್ಟಿಟ್ಯೂಡನ್ನು ಪ್ರತ್ಯೇಕವಾಗಿ ಓದಬೇಕು.

ಸಿಇಟಿ ಇಲ್ಲದೆ ಸೀಟು ಕೊಡಿಸುತ್ತೇನೆ ಅಂತ ಯಾರಾದರೂ ಅಂದರೆ ಮಾತು ಅಲ್ಲಿಗೇ ಮುಗಿಸಿ.

ನಮಗೆ ಹತ್ತಿರದ ಒಳ್ಳೆ ಕಾಲೇಜು ಯಾವುದು?

ಹತ್ತಿರ ಅನ್ನುವುದಕ್ಕೆ ಇಲ್ಲಿ ಜಾಸ್ತಿ ಬೆಲೆ ಕೊಡಬೇಡಿ, ಹೇಗಿದ್ದರೂ ಹಾಸ್ಟೆಲ್ಲೇ. ಆದರೂ ನಮ್ಮ ಜಿಲ್ಲೆಗಳಿಗೆ ಬೆಂಗಳೂರಿಗಿಂತ ಪುಣೆ, ಮುಂಬೈ ದಾರಿಯೇ ಅನುಕೂಲ. ಬೆಳಗಾವಿಯಿಂದ ರಾತ್ರಿ ಬಸ್ಸು, ವಿಜಯಪುರದಿಂದ ಸೊಲ್ಲಾಪುರದ ಮೇಲೆ ರೈಲು. ಪುಣ್ಯಕ್ಕೆ ದೇಶದ ಒಳ್ಳೆಯ ಮ್ಯಾರಿಟೈಮ್ ಕಾಲೇಜುಗಳಲ್ಲಿ ಕೆಲವು ಆ ದಾರಿಯಲ್ಲೇ ಇವೆ.

ಮೊದಲ ಆಯ್ಕೆ ಐಎಂಯು ಕ್ಯಾಂಪಸ್ಸುಗಳು. ಡೆಕ್‌ಗೆ ನವಿ ಮುಂಬೈ ಕ್ಯಾಂಪಸ್, ಹಳಬರು ಈಗಲೂ ಅದನ್ನು ಚಾಣಕ್ಯ ಅಂತಲೇ ಕರೆಯುತ್ತಾರೆ. 1927ರಲ್ಲಿ ಡಫ್ರಿನ್ ಅನ್ನುವ ಹಡಗಿನಲ್ಲಿ ಶುರುವಾದ ತರಬೇತಿ, ಆಮೇಲೆ ರಾಜೇಂದ್ರ ಅನ್ನುವ ಹಡಗಿಗೆ ಹೋಗಿ, ಕೊನೆಗೆ ದಡಕ್ಕೆ ಬಂದು ಚಾಣಕ್ಯ ಆಯಿತು. ಎಂಜಿನ್‌ಗೆ ಮುಂಬೈ ಪೋರ್ಟ್ ಮತ್ತು ಕೋಲ್ಕತ್ತಾ ಕ್ಯಾಂಪಸ್ ಹೆಸರುವಾಸಿ.

ಖಾಸಗಿಯಲ್ಲಿ ಪುಣೆ ಹತ್ತಿರ ತಳೇಗಾಂವ್ ಕಡೆ ತೋಲಾನಿ, ಲೋಣಾವಳದಲ್ಲಿ ಸಮುಂದ್ರ, ಕರ್ಜತ್‌ನಲ್ಲಿ ಆಂಗ್ಲೋ-ಈಸ್ಟರ್ನ್ ಇವೆ. ಕೊನೆಯ ಎರಡು ಹಡಗು ಕಂಪನಿಗಳೇ ನಡೆಸುವ ಕಾಲೇಜುಗಳು, ತಮ್ಮ ಹಡಗುಗಳಿಗೆ ಬೇಕಾದವರನ್ನು ತಾವೇ ತಯಾರು ಮಾಡಿಕೊಳ್ಳುತ್ತವೆ. ಟ್ರೇನಿಂಗಿಗೆ ಹಡಗು ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆಗೆ ಇಲ್ಲಿ ಉತ್ತರ ಸ್ಪಷ್ಟವಾಗಿದೆ, ಅದಕ್ಕೇ ಇಂಥ ಕಡೆ ಸೇರಲು ಪೈಪೋಟಿ ಜಾಸ್ತಿ. ಚೆನ್ನೈ, ಮಂಗಳೂರು ಕಡೆಯೂ ಕಾಲೇಜುಗಳಿವೆ. ಯಾವುದೇ ಇರಲಿ, ಕೆಳಗಿನ ಪರೀಕ್ಷೆ ಅದಕ್ಕೂ ಅನ್ವಯಿಸುತ್ತದೆ.

ಕಾಲೇಜು ನಿಜಕ್ಕೂ ಒಳ್ಳೆಯದಾ ಅಂತ ನೋಡುವುದು ಹೇಗೆ?

ಮೊದಲು ಮನೆಯಲ್ಲೇ ಕೂತು ನೋಡುವ ಕೆಲಸ. ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ಒಪ್ಪಿಗೆ ಇರುವ ಸಂಸ್ಥೆಗಳ ಪಟ್ಟಿ ಇದೆ. ಕಾಲೇಜಿನ ಹೆಸರು ಇದ್ದರೆ ಸಾಲದು, ನೀವು ಸೇರುವ ಕೋರ್ಸಿಗೆ ಒಪ್ಪಿಗೆ ಇದೆಯಾ, ಎಷ್ಟು ಸೀಟಿಗೆ ಇದೆ ಅಂತ ನೋಡಿ. ಸಾಮಾನ್ಯವಾಗಿ ಒಂದು ಬ್ಯಾಚಿಗೆ 40 ಜನ. ಒಪ್ಪಿಗೆ ಇರುವುದು ನಲವತ್ತಕ್ಕೆ, ಸೇರಿಸಿಕೊಂಡಿರುವುದು ಅರವತ್ತು ಅಂದರೆ ಉಳಿದ ಇಪ್ಪತ್ತು ಜನರ ಗತಿ ಏನು? ಹಾಗೆಯೇ ಡಿಜಿ ಶಿಪ್ಪಿಂಗ್ ತಪಾಸಣೆ ಮಾಡಿಸಿ ಕಾಲೇಜುಗಳಿಗೆ ಎ1, ಎ2, ಬಿ1, ಬಿ2 ಅಂತ ಗ್ರೇಡ್ ಕೊಡಿಸುತ್ತದೆ. ಎ1 ಮೇಲಿನದು. ಗೇಟಿನ ಬೋರ್ಡಿನಲ್ಲಿ ಬರೆದ ಗ್ರೇಡನ್ನು ಹಾಗೇ ನಂಬದೆ, ಯಾವ ವರ್ಷದ ಗ್ರೇಡ್ ಅಂತ ಸರ್ಟಿಫಿಕೇಟ್ ಕೇಳಿ.

ಆಮೇಲೆ ಕಾಲೇಜಿಗೆ ಹೋಗಿ. ಸುಮ್ನೆ ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ನೋಡಿ ತೀರ್ಮಾನ ಮಾಡಬೇಡಿ. ಅಪ್ಪನೋ ಅಣ್ಣನೋ ಜೊತೆಗಿರಲಿ. ಈಜುಕೊಳದಲ್ಲಿ ನೀರು ಇದೆಯಾ ನೋಡಿ, ಹಡಗು ಹತ್ತುವ ಪ್ರತಿಯೊಬ್ಬರೂ ಲೈಫ್‌ಜಾಕೆಟ್ ಹಾಕಿಕೊಂಡು ಎತ್ತರದಿಂದ ನೀರಿಗೆ ಹಾರಬೇಕು, ಮಗುಚಿದ ಲೈಫ್‌ರಾಫ್ಟನ್ನು ನೀರಿನಲ್ಲೇ ನೆಟ್ಟಗೆ ಮಾಡಬೇಕು. ಕೊಳ ಒಣಗಿದ್ದರೆ ಅಲ್ಲಿ ಅದನ್ನು ಕಲಿಸುತ್ತಿಲ್ಲ ಅಂತಲೇ ಅರ್ಥ. ಲೈಫ್‌ಬೋಟ್ ಇಳಿಸುವ ತಂತಿ ಹಗ್ಗಕ್ಕೆ ಗ್ರೀಸ್ ಹಚ್ಚಿದ್ದಾರಾ, ತುಕ್ಕು ಹಿಡಿದಿದೆಯಾ? ಮರೈನ್ ಎಂಜಿನಿಯರಿಂಗ್ ಆದರೆ ಕ್ಯಾಂಪಸ್ಸಿನೊಳಗೆ ಎಂಜಿನ್ ರೂಮ್ ಕಟ್ಟಿರುತ್ತಾರೆ, ಅದನ್ನು ಚಾಲೂ ಮಾಡಿ ತೋರಿಸಿ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ದನ ಕೊಳ್ಳುವಾಗ ಹಲ್ಲು ನೋಡದೆ ದುಡ್ಡು ಕೊಡುತ್ತೀರಾ?

ಕೊನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು ಪ್ಲೇಸ್‌ಮೆಂಟ್. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅನ್ನುವ ಮಾತಿಗೆ ಕಿವಿ ಕೊಡಬೇಡಿ, ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಅನ್ನುವುದಕ್ಕಂತೂ ಅರ್ಥವೇ ಇಲ್ಲ. ನೀವು ಕೇಳಬೇಕಾದದ್ದು ಇಷ್ಟು: ಕಳೆದ ಮೂರು ಬ್ಯಾಚಿನಲ್ಲಿ ಎಷ್ಟು ಜನ ಪಾಸಾದರು, ಅದರಲ್ಲಿ ಎಷ್ಟು ಜನ ಹಡಗು ಹತ್ತಿದರು, ಯಾವ ಕಂಪನಿ, ಯಾವ ಹಡಗು, ಯಾವ ತಿಂಗಳು. ಇಂಟರ್‌ವ್ಯೂಗೆ ಕರೆದಿದ್ದಾರೆ ಅಂದರೆ ಹಡಗು ಹತ್ತಿದ ಹಾಗಲ್ಲ. ಪಾಸಾಗಿ ವರ್ಷಗಟ್ಟಲೆ ಮನೆಯಲ್ಲಿ ಕಾಯುತ್ತಿರುವ ಹುಡುಗರು ನಮ್ಮ ಜಿಲ್ಲೆಗಳಲ್ಲೇ ಇದ್ದಾರೆ. ಪಟ್ಟಿ ಕೊಟ್ಟರೆ ಅದರಲ್ಲಿ ಒಂದಿಬ್ಬರು ಸೀನಿಯರ್‌ಗಳನ್ನು ಇನ್‌ಸ್ಟಾಗ್ರಾಂನಲ್ಲೋ ಲಿಂಕ್ಡ್‌ಇನ್‌ನಲ್ಲೋ ಹುಡುಕಿ ನೇರವಾಗಿ ಕೇಳಿ. ಹಡಗಿನವರು ಇಂಥ ಪ್ರಶ್ನೆಗೆ ಖಂಡಿತ ಉತ್ತರ ಕೊಡುತ್ತಾರೆ, ಎಲ್ಲರೂ ಅದೇ ಕಾಯುವಿಕೆ ದಾಟಿ ಬಂದವರೇ ಅಲ್ವಾ. ಪಟ್ಟಿ ಕೊಡಲು ಒಪ್ಪದ ಕಾಲೇಜಿನಿಂದ ಎದ್ದು ಬನ್ನಿ.

ಸ್ಪಾನ್ಸರ್‌ಶಿಪ್ ಅಂದರೆ ಕಂಪನಿಯೇ ಫೀಸ್ ಕಟ್ಟುತ್ತಾ?

ಸಾಮಾನ್ಯವಾಗಿ ಇಲ್ಲ. ಫೀಸ್ ನಿಮ್ಮದೇ. ಕೋರ್ಸ್ ಮುಗಿಸಿದ ಮೇಲೆ ನಮ್ಮ ಹಡಗಿನಲ್ಲಿ ಟ್ರೇನಿಂಗಿಗೆ ತಗೊಳ್ಳುತ್ತೇವೆ ಅಂತ ಕಂಪನಿ ಬರೆದುಕೊಡುವುದು, ಅಷ್ಟೇ. ಆದರೆ ಆ ಕಾಗದದ ಬೆಲೆ ಫೀಸಿಗಿಂತ ದೊಡ್ಡದು. ಕಂಪನಿಗಳು ತಮ್ಮದೇ ಪರೀಕ್ಷೆ, ಇಂಟರ್‌ವ್ಯೂ ನಡೆಸುತ್ತವೆ. ಪಿಯುಸಿ ಎರಡನೇ ವರ್ಷದಲ್ಲಿರುವಾಗಲೇ ಅವರ ವೆಬ್‌ಸೈಟು ನೋಡುತ್ತಿರಿ, ಒಂದಕ್ಕೇ ಹಾಕಿ ಕಾಯುತ್ತಾ ಕೂರಬೇಡಿ.

ಖರ್ಚು ಎಷ್ಟಾಗುತ್ತೆ? ಹೊಲ ಅಡ ಇಡಬೇಕಾ?

ಐಎಂಯು ಕ್ಯಾಂಪಸ್ಸಿನಲ್ಲೇ ವರ್ಷಕ್ಕೆ ಎರಡು ಲಕ್ಷಕ್ಕೂ ಜಾಸ್ತಿ ಬೇಕು. ಖಾಸಗಿಯಲ್ಲಿ ಇನ್ನೂ ಜಾಸ್ತಿ. ಅದರ ಮೇಲೆ ಯೂನಿಫಾರ್ಮು, ಮೆಡಿಕಲ್, ಎಸ್‌ಟಿಸಿಡಬ್ಲ್ಯು ಅನ್ನುವ ಸುರಕ್ಷತೆಯ ಚಿಕ್ಕ ಕೋರ್ಸುಗಳು, ಸಿಡಿಸಿ ಅನ್ನುವ ನಾವಿಕರ ಗುರುತಿನ ಪುಸ್ತಕ, ಪಾಸ್‌ಪೋರ್ಟು. ಟ್ರೇನಿಂಗ್ ಮುಗಿದ ಮೇಲೆ ಪರೀಕ್ಷೆಗೆ ಓದಲು ಮುಂಬೈಯಲ್ಲೋ ಚೆನ್ನೈಯಲ್ಲೋ ಕೆಲವು ತಿಂಗಳು ಇರಬೇಕು. ಇದನ್ನು ಮೊದಲೇ ಲೆಕ್ಕ ಹಾಕುವವರು ಕಡಿಮೆ.

ಬ್ಯಾಂಕಿನ ಶಿಕ್ಷಣ ಸಾಲ ಸಿಗುತ್ತದೆ. ಸಾಮಾನ್ಯ ನಿಯಮದ ಪ್ರಕಾರ 4 ಲಕ್ಷದವರೆಗೆ ಅಡ ಬೇಕಿಲ್ಲ, ಏಳೂವರೆ ಲಕ್ಷ ದಾಟಿದರೆ ಆಸ್ತಿ ಕೇಳುತ್ತಾರೆ. ಒಂದು ವಿಷಯ ಗಮನದಲ್ಲಿರಲಿ. ಕೋರ್ಸ್ ಮುಗಿದು ಸುಮಾರು ಒಂದು ವರ್ಷಕ್ಕೆ ಕಂತು ಶುರುವಾಗುತ್ತದೆ. ಅಷ್ಟರಲ್ಲಿ ಹುಡುಗ ಹಡಗು ಹತ್ತದಿದ್ದರೆ ಕಂತು ಕಟ್ಟುವುದು ಕಬ್ಬಿನ ಬಿಲ್ಲಿನಿಂದಲೇ, ಆ ಬಿಲ್ಲು ಯಾವಾಗ ಬರುತ್ತದೆ ಅಂತ ನಿಮಗೇ ಗೊತ್ತು. ಹತ್ತಿದರೂ ಕೆಡೆಟ್‌ಗೆ ಸಿಗುವುದು ತಿಂಗಳಿಗೆ ಕೆಲವು ನೂರು ಡಾಲರ್ ಸ್ಟೈಪೆಂಡ್. ದೊಡ್ಡ ಸಂಬಳ ಬರುವುದು ಆಫೀಸರ್ ಆದ ಮೇಲೆ. ಹಾಗಾಗಿ ಹೊಲ ಮಾರುವ ಮಾತಿದ್ದರೆ ಕಂಪನಿಯ ಕಾಗದ ಕೈಗೆ ಬರುವವರೆಗೆ ಬೇಡವೇ ಬೇಡ.

ಏಜೆಂಟ್ ಒಬ್ಬರು ಐದು ಲಕ್ಷಕ್ಕೆ ನೇರ ಹಡಗು ಹತ್ತಿಸುತ್ತೇನೆ ಅಂತಾರೆ. ಹೋಗಬಹುದಾ?

ಬೇಡ. ಹಡಗಿಗೆ ಜನ ಕಳಿಸುವ ಕಂಪನಿಗೆ ಡಿಜಿ ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಅನ್ನುವ ಲೈಸೆನ್ಸ್ ಇರಬೇಕು, ಮತ್ತು ಲೈಸೆನ್ಸ್ ಇರುವವರು ಕೆಲಸ ಕೊಡಿಸಲು ನಾವಿಕನ ಹತ್ತಿರ ದುಡ್ಡು ತಗೊಳ್ಳುವ ಹಾಗಿಲ್ಲ. ಭಾರತದ ನಿಯಮದಲ್ಲೂ ಇದೆ, 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್ ಅನ್ನುವ ಅಂತಾರಾಷ್ಟ್ರೀಯ ಒಪ್ಪಂದದಲ್ಲೂ ಇದೆ. ಅಂದರೆ ದುಡ್ಡು ಕೇಳಿದ ಕೂಡಲೇ ಅದು ತಪ್ಪು ದಾರಿ ಅಂತ ಖಾತ್ರಿ.

ಇವರ ರೀತಿ ಹೀಗಿರುತ್ತದೆ. ಪಟ್ಟಣದಲ್ಲಿ ಒಂದು ಚಿಕ್ಕ ಆಫೀಸು, ಗೋಡೆ ಮೇಲೆ ಹಡಗಿನ ಫೋಟೊ, ಬೇರೆ ಯಾವುದೋ ದೇಶದ ಸಿಡಿಸಿ ಮಾಡಿಸಿಕೊಡುತ್ತೇವೆ ಅನ್ನುವ ಮಾತು. ಹುಡುಗನನ್ನು ವಿಸಿಟ್ ವೀಸಾದಲ್ಲಿ ದುಬೈಗೋ ಇರಾನಿಗೋ ಕಳಿಸುತ್ತಾರೆ. ಅಲ್ಲಿ ಯಾವುದೋ ಹಳೆ ಹಡಗು, ಸಂಬಳ ಇಲ್ಲ, ಪಾಸ್‌ಪೋರ್ಟ್ ಬೇರೆಯವರ ಕೈಯಲ್ಲಿ. ಹಾಗೆ ಕಳೆದ ದಿನಗಳು ಇಲ್ಲಿನ ಆಫೀಸರ್ ಪರೀಕ್ಷೆಗೆ ಲೆಕ್ಕಕ್ಕೆ ಬರುವುದೂ ಕಷ್ಟ. ಅಪ್ಪ-ಅವ್ವಂದಿರೇ, ಪರಿಚಯದವರು ಹೇಳಿದರು ಅಂತ ನಗದು ಕೊಡಬೇಡಿ. ಲೈಸೆನ್ಸ್ ನಂಬರ್ ಕೇಳಿ, ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ಅದು ಇದೆಯಾ, ಚಾಲ್ತಿಯಲ್ಲಿದೆಯಾ ನೋಡಿ.

ಮಗಳನ್ನು ಕಳಿಸಬಹುದಾ?

ಖಂಡಿತ. ನಾಟಿಕಲ್ಲೂ ಎಂಜಿನಿಯರಿಂಗೂ ಎರಡೂ ಹುಡುಗಿಯರಿಗೆ ತೆರೆದಿವೆ, ವಯಸ್ಸಿನ ಮಿತಿಯಲ್ಲಿ ಅವರಿಗೆ ರಿಯಾಯಿತಿಯೂ ಇದೆ. ಕೇರಳದ ರಾಧಿಕಾ ಮೆನನ್ ನಮ್ಮ ದೇಶದ ಮರ್ಚೆಂಟ್ ನೇವಿಯ ಮೊದಲ ಮಹಿಳಾ ಕ್ಯಾಪ್ಟನ್. ಬಿರುಗಾಳಿಯಲ್ಲಿ ಸಿಕ್ಕಿದ್ದ ಮೀನುಗಾರರನ್ನು ಉಳಿಸಿದ್ದಕ್ಕೆ 2016ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ ಶೌರ್ಯ ಪ್ರಶಸ್ತಿ ಬಂತು. ಆದರೆ ಕಾಲೇಜು ನೋಡುವಾಗ ಒಂದು ಪ್ರಶ್ನೆ ಜಾಸ್ತಿ ಕೇಳಿ: ಇಲ್ಲಿಗೆ ಬರುವ ಕಂಪನಿಗಳಲ್ಲಿ ಹುಡುಗಿಯರನ್ನು ತಗೊಳ್ಳುವವು ಯಾವುವು? ಎಲ್ಲ ಕಂಪನಿಗಳೂ ತಗೊಳ್ಳುವುದಿಲ್ಲ. ಕಾಲೇಜಿನಿಂದ ಹಿಂದೆ ಹಡಗು ಹತ್ತಿದ ಹುಡುಗಿಯೊಬ್ಬಳ ಜೊತೆ ನಿಮ್ಮ ಮಗಳೇ ಮಾತಾಡಲಿ.

ನಾವು ಶುದ್ಧ ಸಸ್ಯಾಹಾರಿಗಳು. ಹಡಗಿನಲ್ಲಿ ಊಟ?

ಭಾರತೀಯ ಸಿಬ್ಬಂದಿ ಇರುವ ಹಡಗಾದರೆ ಚಪಾತಿ, ಅನ್ನ, ಬೇಳೆ, ಪಲ್ಯಕ್ಕೆ ಕೊರತೆ ಇಲ್ಲ. ಬೇರೆ ಬೇರೆ ದೇಶದವರು ಇರುವ ಹಡಗಿನಲ್ಲಿ ಆಯ್ಕೆ ಕಡಿಮೆ, ಒಂದೇ ಅಡುಗೆಮನೆಯಲ್ಲಿ ಎಲ್ಲರಿಗೂ ಆಗುತ್ತದೆ. ಪಂಕ್ತಿಯಲ್ಲಿ ಪಕ್ಕದವರು ಮಾಂಸ ತಿನ್ನುವುದನ್ನು ನೋಡಲೂ ಆಗದು ಅನ್ನುವವರಿಗೆ ಕಷ್ಟ, ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಶೇಂಗಾ ಚಟ್ನಿಪುಡಿ ಡಬ್ಬಿ ಒಂದು ಬ್ಯಾಗಿನಲ್ಲಿ ಇರಲಿ. ನಮ್ಮ ಕಡೆಯವರೆಲ್ಲ ಒಯ್ಯುತ್ತಾರೆ.

ಕನ್ನಡ ಮೀಡಿಯಂ ಹುಡುಗ, ಇಂಗ್ಲಿಷ್ ಮಾತಾಡಲು ಬರಲ್ಲ.

ಕಲಿಯಬಹುದು, ಆದರೆ ಕಲಿಯಲೇಬೇಕು. ಸೆಕೆಂಡ್ ಮೇಟ್ ಪರೀಕ್ಷೆಯಲ್ಲಿ ಓರಲ್ ಇದೆ. ಎದುರಿಗೆ ಪರೀಕ್ಷೆ ಮಾಡುವ ಸರ್ಕಾರಿ ಅಧಿಕಾರಿ (ಸರ್ವೇಯರ್ ಅನ್ನುತ್ತಾರೆ) ಕೂತು, ಟೇಬಲ್ ಮೇಲೆ ಹಡಗಿನ ಮಾದರಿ ಇಟ್ಟು, ಈಗ ನೀನು ಏನು ಮಾಡ್ತೀಯಾ ಅಂತ ಇಂಗ್ಲಿಷಿನಲ್ಲೇ ಕೇಳುತ್ತಾರೆ. ಹಡಗಿನ ರೇಡಿಯೊದಲ್ಲೂ ಅದೇ ಭಾಷೆ. ವ್ಯಾಕರಣ ಚೆಂದ ಇರಬೇಕಂತಿಲ್ಲ, ಹೇಳುವುದು ಥಟ್ಟನೆ, ಸ್ಪಷ್ಟವಾಗಿ ಬರಬೇಕು. ಪಿಯುಸಿ ಆದ ಕೂಡಲೇ ಶುರುಮಾಡಿ, ದಿನಾ ಅರ್ಧ ಗಂಟೆ ಜೋರಾಗಿ ಓದಿ.

ಬಿ.ಇ. ಮೆಕ್ಯಾನಿಕಲ್ ಮುಗಿಸಿದ್ದೇನೆ. ಈಗ ಬರಬಹುದಾ?

ಬರಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಮೆಕ್ಯಾನಿಕಲ್ ಓದಿದವರಿಗೆ ಜಿಎಂಇ ಅನ್ನುವ ಹೆಚ್ಚು ಕಡಿಮೆ ಒಂದು ವರ್ಷದ ಕೋರ್ಸ್ ಇದೆ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನವರಿಗೆ ನಾಲ್ಕು ತಿಂಗಳ ಇಟಿಒ ಇದೆ. ಎರಡಕ್ಕೂ ಮಾರ್ಕ್ಸಿನ, ವಯಸ್ಸಿನ ಮಿತಿ ಇದೆ, ಆದ್ದರಿಂದ ಎರಡು ಮೂರು ವರ್ಷ ಬೇರೆ ಕೆಲಸ ಮಾಡಿ ಆಮೇಲೆ ನೋಡೋಣ ಅಂತ ಬಿಡಬೇಡಿ. ಸ್ಪಾನ್ಸರ್‌ಶಿಪ್ಪಿನ ಮಾತು ಇಲ್ಲೂ ಅದೇ.

ಎಸ್‌ಎಸ್‌ಎಲ್‌ಸಿ ಮಾತ್ರ ಆಗಿದೆ.

ಆರು ತಿಂಗಳ ಜಿಪಿ ರೇಟಿಂಗ್ ಕೋರ್ಸ್ ಇದೆ, ಹಡಗಿನ ಸಿಬ್ಬಂದಿಯಾಗಿ ಸೇರಬಹುದು. ಮರ್ಯಾದೆಯ ಕೆಲಸ. ಆದರೆ ಹಡಗು ಸಿಗದೆ ಕಾಯುವವರು ಇಲ್ಲೇ ಅತಿ ಜಾಸ್ತಿ, ಏಜೆಂಟರ ಕಣ್ಣೂ ಇಲ್ಲೇ. ಓದುವ ಶಕ್ತಿ ಇದ್ದರೆ ಪಿಯುಸಿ ಸೈನ್ಸ್ ಮುಗಿಸಿಯೇ ಬನ್ನಿ.

ಅಪಾಯ ಇಲ್ವಾ? ಅವ್ವ ಒಪ್ಪುತ್ತಿಲ್ಲ.

ಇದೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಅದನ್ನು ಮುಚ್ಚಿಟ್ಟು ಅವ್ವನನ್ನು ಒಪ್ಪಿಸಬೇಡಿ. ಒಳ್ಳೆ ಕಂಪನಿಗೂ ಕೆಟ್ಟ ಕಂಪನಿಗೂ ಇರುವ ವ್ಯತ್ಯಾಸ ತಿಳಿಯುವುದೇ ಇಂಥ ಹೊತ್ತಿನಲ್ಲಿ: ವಿಮೆ, ಸುತ್ತು ದಾರಿ, ಮನೆಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ. ಈಗ ಹೆಚ್ಚಿನ ಹಡಗುಗಳಲ್ಲಿ ಇಂಟರ್ನೆಟ್ ಇದೆ, 2024ರ ಡಿಸೆಂಬರ್‌ನಿಂದ ನಾವಿಕರಿಗೆ ಸಂಪರ್ಕ ಒದಗಿಸುವುದು ಆ ಲೇಬರ್ ಕನ್ವೆನ್ಷನ್ನಿನಲ್ಲೇ ಸೇರಿದೆ. ಮಗ ನಡುಸಮುದ್ರದಿಂದ ವಿಡಿಯೊ ಕಾಲ್ ಮಾಡುತ್ತಾನೆ. ಆದರೆ ಜಾತ್ರೆಗೆ, ಮದುವೆಗೆ, ಕೆಲವೊಮ್ಮೆ ಸಾವಿಗೂ ಬರಲು ಆಗುವುದಿಲ್ಲ. ಇದನ್ನೂ ಹೇಳಿ.

ಮೆಡಿಕಲ್‌ನಲ್ಲಿ ಆಗಲಿಲ್ಲ, ಆದರೂ ಹಡಗಿನ ಲೋಕ ಬಿಡಲು ಮನಸ್ಸಿಲ್ಲ.

ಹಡಗು ವಿನ್ಯಾಸ ಮಾಡುವವರು ಹಡಗು ಹತ್ತಿ ದುಡಿಯಬೇಕಿಲ್ಲ. ನೇವಲ್ ಆರ್ಕಿಟೆಕ್ಚರ್ ಅನ್ನುವ ಬಿ.ಟೆಕ್. ಐಎಂಯುವಿನ ವಿಶಾಖಪಟ್ಟಣ ಕ್ಯಾಂಪಸ್ಸಿನಲ್ಲಿದೆ, ಕೊಚ್ಚಿನ್ ವಿಶ್ವವಿದ್ಯಾಲಯದಲ್ಲಿದೆ, ಐಐಟಿ ಮದ್ರಾಸ್ ಮತ್ತು ಖರಗ್‌ಪುರದಲ್ಲೂ ಇದೆ. ಬಂದರು, ಲಾಜಿಸ್ಟಿಕ್ಸ್ ಕಡೆಗೂ ಡಿಗ್ರಿಗಳಿವೆ. ಮರ್ಮಗೋವಾ ಬಂದರು ಬೆಳಗಾವಿಯಿಂದ ಒಂದೇ ಘಟ್ಟದಾಚೆ, ಒಂದು ರಜೆಯಲ್ಲಿ ಹೋಗಿ ಹಡಗು ತುಂಬುವುದನ್ನು, ಇಳಿಸುವುದನ್ನು ದೂರದಿಂದಾದರೂ ನೋಡಿ ಬನ್ನಿ, ಆಮೇಲೆ ಅರ್ಜಿ ಹಾಕಿ.